ಅಧ್ಯಕ್ಷರ ಪಕ್ಷ ಸೋಲಲೇಬೇಕೆ? ಅಮೆರಿಕದ ನಡು ಅವಧಿ ಚುನಾವಣೆಯೂ 2022ರ ಮಿಷಿಗನ್ ಕಥೆಯೂ

ಹಾಸನದ ಓದುಗ

ಅಮೆರಿಕದ ಅಧ್ಯಕ್ಷರ ನಾಲ್ಕು ವರ್ಷಗಳ ಅವಧಿಯ ನಡುವೆ ಬರುವ ಸಂಸತ್ ಚುನಾವಣೆಯ ಬಗ್ಗೆ ಏನೇ ಓದಿದರೂ ಒಂದು ಮಾತು ತಪ್ಪದೆ ಸಿಗುತ್ತದೆ: ಅಧ್ಯಕ್ಷರ ಪಕ್ಷಕ್ಕೆ ಪೆಟ್ಟು ಖಚಿತ. ಇತಿಹಾಸವೂ ಅದಕ್ಕೆ ಸಾಕ್ಷಿ ಹೇಳುತ್ತದೆ. 1994ರಲ್ಲಿ ಕ್ಲಿಂಟನ್ ಅವರ ಡೆಮಾಕ್ರಟಿಕ್ ಪಕ್ಷ ಕೆಳಮನೆಯಲ್ಲಿ 54 ಸ್ಥಾನ ಕಳೆದುಕೊಂಡು, 40 ವರ್ಷಗಳಿಂದ ಕೈಯಲ್ಲಿದ್ದ ಬಹುಮತವನ್ನು ಬಿಟ್ಟುಕೊಟ್ಟಿತು. ಸ್ಪೀಕರ್ ಆಗಿದ್ದ ಟಾಮ್ ಫೋಲಿ ಅವರು ತಮ್ಮ ಕ್ಷೇತ್ರದಲ್ಲೇ ಸೋತರು. 2010ರಲ್ಲಿ ಒಬಾಮಾ ಅವರ ಪಕ್ಷ ಕಳೆದುಕೊಂಡದ್ದು 63 ಸ್ಥಾನ. 2018ರಲ್ಲಿ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷ ಸುಮಾರು 40 ಸ್ಥಾನ ಕಳೆದುಕೊಂಡಿತು.

ನನಗೆ ಅರ್ಥವಾಗದಿರುವುದು 2022. ಆ ಜೂನ್‌ನಲ್ಲಿ ಹಣದುಬ್ಬರ ಶೇ. 9.1ಕ್ಕೆ ಏರಿತ್ತು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಬೈಡನ್ ಅವರನ್ನು ಮೆಚ್ಚುವವರಿಗಿಂತ ಮೆಚ್ಚದವರೇ ಹೆಚ್ಚಾಗಿದ್ದರು. ‘ಕೆಂಪು ಅಲೆ’ (ಕೆಂಪು ರಿಪಬ್ಲಿಕನ್ನರ ಬಣ್ಣ) ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ ಎಂದು ಟಿವಿಯಲ್ಲಿ ಕುಳಿತವರೆಲ್ಲ ಹೇಳಿದರು. ಕೊನೆಗೆ ರಿಪಬ್ಲಿಕನ್ನರಿಗೆ ಕೆಳಮನೆಯಲ್ಲಿ ಹೆಚ್ಚಿಗೆ ಸಿಕ್ಕಿದ್ದು 9 ಸ್ಥಾನ, ಒಟ್ಟು 222. ಸೆನೆಟ್‌ನಲ್ಲಂತೂ ಇದ್ದ ಸ್ಥಾನಗಳಲ್ಲೇ ಒಂದನ್ನು ಕಳೆದುಕೊಂಡರು. 2026ರ ನವೆಂಬರ್ 3ರ ಚುನಾವಣೆಯ ಬಗ್ಗೆ ಈಗ ಎಲ್ಲರೂ ಮತ್ತೆ ಅದೇ ಹಳೆಯ ನಿಯಮವನ್ನು ಒಪ್ಪಿಸುತ್ತಿದ್ದಾರೆ. ಅದು ನಿಯಮವೋ, ಬರೀ ರೂಢಿಯ ಮಾತೋ? ಅಲ್ಲೇ ಇರುವವರು ಯಾರಾದರೂ ಬಿಡಿಸಿ ಹೇಳಬಹುದೆ?

ನಿವೃತ್ತ ಮೇಷ್ಟ್ರು

ಮೊದಲು ಒಂದು ಪದದ ತಕರಾರು. ನಮ್ಮ ಪತ್ರಿಕೆಗಳು ಇದನ್ನು ‘ಮಧ್ಯಂತರ ಚುನಾವಣೆ’ ಎಂದು ಬರೆಯುತ್ತವೆ. ನನ್ನ ವಯಸ್ಸಿನವರಿಗೆ ಆ ಪದ ಕೇಳಿದೊಡನೆ ನೆನಪಾಗುವುದು 1971: ಅವಧಿ ಮುಗಿಯುವ ಮುನ್ನವೇ ಸದನ ವಿಸರ್ಜಿಸಿ ಜನರ ಮುಂದೆ ಹೋಗುವುದು. ನಮ್ಮ ರಾಜ್ಯದಲ್ಲಿ 1985ರಲ್ಲಿ ರಾಮಕೃಷ್ಣ ಹೆಗಡೆಯವರು ಮಾಡಿದ್ದೂ ಅದನ್ನೇ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಯ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಹೆಗಡೆಯವರು ವಿಧಾನಸಭೆ ವಿಸರ್ಜಿಸಿ ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನ ಗೆದ್ದು ತಂದರು.

ಅಮೆರಿಕದಲ್ಲಿ ಆ ಆಟಕ್ಕೆ ಅವಕಾಶವೇ ಇಲ್ಲ. ಅಧ್ಯಕ್ಷರು ಸದನವನ್ನು ವಿಸರ್ಜಿಸುವಂತಿಲ್ಲ, ಚುನಾವಣೆಯನ್ನು ಮುಂದೂಡುವಂತೆಯೂ ಇಲ್ಲ. ಅಂತರ್ಯುದ್ಧ ನಡೆಯುತ್ತಿದ್ದ 1862ರಲ್ಲೂ ಮತದಾನ ನಿಲ್ಲಲಿಲ್ಲ. ಕೆಳಮನೆಯ 435 ಸ್ಥಾನಗಳಿಗೂ ಎರಡು ವರ್ಷಕ್ಕೊಮ್ಮೆ, ಆರು ವರ್ಷ ಅವಧಿಯ ಸೆನೆಟ್‌ನ ಮೂರನೇ ಒಂದು ಭಾಗಕ್ಕೆ ಸರದಿಯಂತೆ ಚುನಾವಣೆ ನಡೆಯುತ್ತದೆ. ಗಾಳಿ ನೋಡಿ ತೂರಿಕೊಳ್ಳುವ ಸ್ವಾತಂತ್ರ್ಯ ಆಳುವವರಿಗಿಲ್ಲ. ಹಾಗಾಗಿ ‘ನಡು ಅವಧಿ’ ಎಂದರೆ ಗೊಂದಲ ಕಡಿಮೆ.

ಅಂಕಿ ಪ್ರಿಯ

ಮೇಷ್ಟ್ರ ತಕರಾರಿಗೆ ನನ್ನ ಒಪ್ಪಿಗೆ ಇದೆ. ಈಗ ಹಾಸನದವರ ಪ್ರಶ್ನೆಗೆ ಬರುತ್ತೇನೆ. ಕಳೆದ ನೂರು ವರ್ಷಗಳಲ್ಲಿ ಅಧ್ಯಕ್ಷರ ಪಕ್ಷ ಕೆಳಮನೆಯಲ್ಲಿ ಸ್ಥಾನ ಹೆಚ್ಚಿಸಿಕೊಂಡದ್ದು ಮೂರೇ ಸಲ: 1934, 1998 ಮತ್ತು 2002. 1934ರಲ್ಲಿ ರೂಸ್‌ವೆಲ್ಟ್ ಅವರ ಹೊಸ ಯೋಜನೆಗಳ ಮೇಲೆ ಜನರಿಗೆ ಭರವಸೆ ಇತ್ತು. 1998ರಲ್ಲಿ ರಿಪಬ್ಲಿಕನ್ನರು ಕ್ಲಿಂಟನ್ ಅವರನ್ನು ವಾಗ್ದಂಡನೆಗೆ ಗುರಿಪಡಿಸಲು ಹೊರಟು ತಾವೇ ಜನರ ಸಿಟ್ಟಿಗೆ ಗುರಿಯಾದರು. ಫಲಿತಾಂಶ ಬಂದ ಮೂರು ದಿನಕ್ಕೆ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ತಾವು ಹುದ್ದೆ ಬಿಡುವುದಾಗಿ ಹೇಳಬೇಕಾಯಿತು. 2002ರ ಚುನಾವಣೆ ಸೆಪ್ಟೆಂಬರ್ 11ರ ದಾಳಿಯ ನೆರಳಿನಲ್ಲಿ ನಡೆಯಿತು.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಾಮಾನ್ಯ ವರ್ಷಗಳಲ್ಲಿ ಮತದಾರ ಒಬ್ಬನನ್ನೇ ನೋಡುತ್ತಾನೆ, ಅಧಿಕಾರದಲ್ಲಿರುವ ಅಧ್ಯಕ್ಷನನ್ನು. ‘ಇವನು ಸರಿ ಇದ್ದಾನೆಯೇ?’ ಎಂಬುದೇ ಪ್ರಶ್ನೆಯಾದರೆ ಉತ್ತರ ಯಾವಾಗಲೂ ಸ್ವಲ್ಪ ಕಹಿಯಾಗಿಯೇ ಇರುತ್ತದೆ. 1998ರಲ್ಲಿ ಮಾತ್ರ ‘ಇವನ ಬದಲು ಅವರು ಬೇಕೇ?’ ಎಂದು ಪ್ರಶ್ನೆಯೇ ಬದಲಾಯಿತು. ಎರಡೂ ಪಕ್ಷಗಳ ತಂತ್ರವೆಲ್ಲ ಇಷ್ಟೇ. ವಿರೋಧ ಪಕ್ಷ ಮೊದಲ ಪ್ರಶ್ನೆಯನ್ನು ಜೀವಂತವಾಗಿಡಲು ನೋಡುತ್ತದೆ, ಅಧ್ಯಕ್ಷರ ಪಕ್ಷ ಎರಡನೆಯದನ್ನು ಮತದಾರನ ಬಾಯಲ್ಲಿ ಇಡಲು ಹೆಣಗುತ್ತದೆ. 2022 ನನ್ನ ಪ್ರಕಾರ ಅರ್ಧಂಬರ್ಧ 1998.

ಇನ್ನೊಂದು ವಿಷಯ. ಅಲೆ ಬರಲೇ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ದೇಶದ ಒಟ್ಟು ಮತಗಳಲ್ಲಿ ರಿಪಬ್ಲಿಕನ್ನರು ಸುಮಾರು 3 ಶೇಕಡಾ ಅಂಶ ಮುಂದಿದ್ದರು. ಫ್ಲಾರಿಡಾದ 28ರಲ್ಲಿ 20 ಸ್ಥಾನ ಗೆದ್ದರು. ಡೆಮಾಕ್ರಟಿಕ್ ಕೋಟೆಯಾದ ನ್ಯೂಯಾರ್ಕ್‌ನಲ್ಲಿ 26ರಲ್ಲಿ 11 ಗೆದ್ದರು, ಅಲ್ಲಿ ಡೆಮಾಕ್ರಟಿಕ್ ಪಕ್ಷದ ಸಂಸತ್ ಚುನಾವಣಾ ಸಮಿತಿಯ ಅಧ್ಯಕ್ಷರೇ ಸೋತರು! ಪಾಪ, ಇಡೀ ದೇಶಕ್ಕೆ ಛತ್ರಿ ಹಿಡಿಯಲು ಹೋದವರು ಮನೆಯಲ್ಲೇ ನೆನೆದರು. ಅಲೆ ಅಗತ್ಯವಿದ್ದ ಪೆನ್ಸಿಲ್ವೇನಿಯಾ, ಮಿಷಿಗನ್‌ಗಳಲ್ಲಿ ಮಾತ್ರ ನೀರು ಪಾದಕ್ಕೂ ತಾಗಲಿಲ್ಲ.

ಮಿಷಿಗನ್‌ನ ಅಕ್ಕ

ನಾನು ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನವಳು, ಮಿಷಿಗನ್‌ನ 3ನೇ ಕ್ಷೇತ್ರ. ಪೌರತ್ವ ಸಿಕ್ಕಿದ ಮೇಲೆ ನಾನು ಮತ ಹಾಕಿದ ಮೊದಲ ನಡು ಅವಧಿ ಚುನಾವಣೆ 2022ರದ್ದು. ಹಾಗಾಗಿ ಇಲ್ಲಿ ಕಂಡದ್ದನ್ನು ಹೇಳುತ್ತೇನೆ.

ನಮ್ಮದು ಡಚ್ ಮೂಲದ ಚರ್ಚುಗಳ, ಅಚ್ಚುಕಟ್ಟಾದ ಅಂಗಳಗಳ ಊರು. ಜೆರಾಲ್ಡ್ ಫೋರ್ಡ್ ಇಲ್ಲಿಂದಲೇ ಸಂಸತ್ತಿಗೆ ಹೋಗುತ್ತಿದ್ದವರು. ಅವರು ಉಪಾಧ್ಯಕ್ಷರಾದ ಮೇಲೆ 1974ರಲ್ಲಿ ನಡೆದ ಉಪಚುನಾವಣೆಯಲ್ಲಿ ಒಬ್ಬ ಡೆಮಾಕ್ರಟ್ ಗೆದ್ದು ಎರಡು ಚಿಲ್ಲರೆ ವರ್ಷ ಇದ್ದದ್ದು ಬಿಟ್ಟರೆ, 2022ರವರೆಗೆ ಇಲ್ಲಿಂದ ಗೆಲ್ಲುತ್ತಿದ್ದವರು ರಿಪಬ್ಲಿಕನ್ನರೇ. 2020ರಲ್ಲಿ ಗೆದ್ದ ಪೀಟರ್ ಮೈಯರ್ ಅವರ ಮನೆತನದ ಹೆಸರಿನ ಸೂಪರ್ ಮಾರ್ಕೆಟ್ ಇಲ್ಲಿ ಬೀದಿ ಬೀದಿಗೂ ಇದೆ. ಸಂಸದರಾಗಿ ಹತ್ತು ದಿನ ಕಳೆಯುವುದರೊಳಗೆ, 2021ರ ಜನವರಿ 6ರಂದು ಸಂಸತ್ ಭವನದ ಮೇಲೆ ನಡೆದ ದಾಳಿಗಾಗಿ ಟ್ರಂಪ್ ಅವರ ವಾಗ್ದಂಡನೆಯ ಪರ ಮತ ಹಾಕಿದ ಹತ್ತು ರಿಪಬ್ಲಿಕನ್ನರಲ್ಲಿ ಅವರೂ ಒಬ್ಬರಾದರು. ಅದಕ್ಕೆ ಪ್ರತಿಯಾಗಿ ಟ್ರಂಪ್ ಅವರು ಜಾನ್ ಗಿಬ್ಸ್ ಎಂಬವರನ್ನು ಬೆಂಬಲಿಸಿದರು.

ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆ ಆಗಸ್ಟ್ 2ರಂದು ಇತ್ತು. ಜುಲೈ ಕೊನೆಯಲ್ಲಿ ಟಿವಿಯಲ್ಲಿ ಒಂದು ಜಾಹೀರಾತು ಶುರುವಾಯಿತು. ಗಿಬ್ಸ್ ತೀರಾ ಸಂಪ್ರದಾಯವಾದಿ, ಟ್ರಂಪ್ ಅವರಿಗೆ ಆಪ್ತ, ಅವರ ಸರ್ಕಾರದಲ್ಲಿ ಕೆಲಸ ಮಾಡಿದವರು ಎಂದೆಲ್ಲ ದೂರುವ ಧಾಟಿಯಲ್ಲಿ ಇತ್ತು. ಆದರೆ ರಿಪಬ್ಲಿಕನ್ ಮತದಾರನ ಕಿವಿಗೆ ಅದು ದೂರಲ್ಲ, ಹೊಗಳಿಕೆ. ಗಿಬ್ಸ್ ಅವರೇ ಮಾಡಿಸಿದ್ದೇನೋ ಎಂದುಕೊಂಡೆ. ಕೊನೆಯಲ್ಲಿ ಸಣ್ಣ ಅಕ್ಷರ ನೋಡಿದರೆ, ಹಣ ಕೊಟ್ಟಿದ್ದು ಡೆಮಾಕ್ರಟಿಕ್ ಪಕ್ಷದ ಸಂಸತ್ ಚುನಾವಣಾ ಸಮಿತಿ! 4 ಲಕ್ಷ ಡಾಲರ್‌ಗೂ ಹೆಚ್ಚು ಖರ್ಚಾಗಿತ್ತು. ಮೈಯರ್ ಸಣ್ಣ ಅಂತರದಲ್ಲಿ ಟಿಕೆಟ್ ಕಳೆದುಕೊಂಡರು. ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಹಿಲರಿ ಸ್ಕೋಲ್ಟನ್ ಅವರು ಗಿಬ್ಸ್ ಅವರನ್ನು 10ಕ್ಕೂ ಹೆಚ್ಚು ಶೇಕಡಾ ಅಂಶಗಳಿಂದ ಸೋಲಿಸಿದರು.

ನೇರ ಮಾತು

ಇದನ್ನು ತಂತ್ರ ಎಂದು ಕರೆದು ಚಪ್ಪಾಳೆ ತಟ್ಟುವವರಿಗೆ ನನ್ನದೊಂದು ಪ್ರಶ್ನೆ. ಅದೇ ವರ್ಷ ಬೈಡನ್ ಅವರು ಪ್ರಜಾಪ್ರಭುತ್ವವೇ ಅಪಾಯದಲ್ಲಿದೆ ಎಂದು ಊರೂರಲ್ಲಿ ಭಾಷಣ ಮಾಡುತ್ತಿದ್ದರು. ಅಪಾಯ ನಿಜವಾಗಿದ್ದರೆ, ಸ್ವಂತ ಪಕ್ಷವನ್ನು ಎದುರಿಸಿ ಮತ ಹಾಕಿದ ಒಬ್ಬ ಯುವ ಸಂಸದನನ್ನು ಮುಗಿಸಲು ದುಡ್ಡು ಸುರಿಯುವುದೇ? ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗುತ್ತಾ, ಕೈಯಲ್ಲಿದ್ದ ಸೀಮೆಎಣ್ಣೆಯನ್ನು ಪಕ್ಕದ ಮನೆಗೆ ಎರಚಿದ ಹಾಗಾಯಿತು. ಗಿಬ್ಸ್ ಗೆದ್ದುಬಿಟ್ಟಿದ್ದರೆ ಯಾರು ಹೊಣೆ?

ಅಂಕಿ ಪ್ರಿಯ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಜಾಹೀರಾತಿಗೆ ಅಷ್ಟು ದೊಡ್ಡ ಪಾತ್ರ ಕೊಡಬೇಡಿ. ವಾಷಿಂಗ್ಟನ್ ರಾಜ್ಯದ 3ನೇ ಕ್ಷೇತ್ರ ನೋಡಿ. ಆ ಹತ್ತರಲ್ಲಿ ಮತ್ತೊಬ್ಬರಾದ ಜೇಮಿ ಹೆರೆರಾ ಬಟ್ಲರ್ ಅಲ್ಲಿ ಡೆಮಾಕ್ರಟರ ಇಂಥ ಕೈಚಳಕವಿಲ್ಲದೆಯೇ ಆಗಸ್ಟ್‌ನಲ್ಲಿ ಸೋತರು. ನವೆಂಬರ್‌ನಲ್ಲಿ ಡೆಮಾಕ್ರಟ್ ಮರೀ ಗ್ಲೂಸೆನ್‌ಕ್ಯಾಂಪ್ ಪೆರೆಝ್ ಅವರು ಮೂರು ಸಾವಿರಕ್ಕಿಂತ ಕಡಿಮೆ ಮತಗಳಿಂದ ಗೆದ್ದರು. ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ವಲಡೇವೊ ಅವರ ವಿರುದ್ಧ ಇದೇ ಉಪಾಯ ಹೂಡಿದರೂ ಅವರು ಉಳಿದುಕೊಂಡರು. ಆ ಹತ್ತು ಮಂದಿಯಲ್ಲಿ ನಾಲ್ವರು ಸ್ಪರ್ಧಿಸಲೇ ಇಲ್ಲ, ನಾಲ್ವರಿಗೆ ಟಿಕೆಟ್ ತಪ್ಪಿತು, ಮತ್ತೆ ಗೆದ್ದವರು ಇಬ್ಬರೇ. ಅವರನ್ನು ಮುಗಿಸಿದ್ದು ಅವರದೇ ಪಕ್ಷದ ಮತದಾರರು.

ಲೆಕ್ಕದ ದೃಷ್ಟಿಯಿಂದ ನನ್ನ ತಕರಾರು ಬೇರೆ. ಅದೇ ಮಿಷಿಗನ್‌ನ 10ನೇ ಕ್ಷೇತ್ರವನ್ನು ರಾಷ್ಟ್ರೀಯ ಡೆಮಾಕ್ರಟಿಕ್ ಸಂಘಟನೆಗಳು ಬಹುಮಟ್ಟಿಗೆ ಕೈಬಿಟ್ಟಿದ್ದವು. ರಿಪಬ್ಲಿಕನ್ ಜಾನ್ ಜೇಮ್ಸ್ ಅಲ್ಲಿ ಗೆದ್ದದ್ದು ಅರ್ಧ ಶೇಕಡಾ ಅಂತರದಲ್ಲಿ. ಕೊಲರಾಡೊದ 3ನೇ ಕ್ಷೇತ್ರದಲ್ಲಿ ಲಾರೆನ್ ಬೋಬರ್ಟ್ ಗೆದ್ದ ಅಂತರ 546 ಮತ. ಅಲ್ಲಿಗೂ ಪಕ್ಷದ ಹಣ ತಲುಪಲಿಲ್ಲ. ಎಲ್ಲಿ ಸೋಲುತ್ತೇವೆ ಎಂದು ಮೊದಲೇ ತೀರ್ಮಾನಿಸಿ ಕೈಕಟ್ಟಿ ಕುಳಿತರೋ ಅಲ್ಲೇ ಗೆಲುವು ಕಾಲಿನ ಬಳಿ ಬಂದು ಹೋಯಿತು.

ನೇರ ಮಾತು

ಪರಿಣಾಮ ಕಡಿಮೆ ಎಂದ ಮಾತ್ರಕ್ಕೆ ಉದ್ದೇಶ ಶುದ್ಧವಾಗುವುದಿಲ್ಲ. ಇದನ್ನು ಇಲ್ಲಿಗೇ ಬಿಡುತ್ತೇನೆ.

ಮಿಷಿಗನ್‌ನ ಅಕ್ಕ

ಬಿಡಬೇಡಿ, ನಿಮ್ಮ ಮಾತನ್ನು ಇಲ್ಲಿ ಅನೇಕ ಡೆಮಾಕ್ರಟರೂ ಆಡಿದ್ದರು. ಆದರೆ ನಮ್ಮ ರಾಜ್ಯದ ಫಲಿತಾಂಶವನ್ನು ಬದಲಿಸಿದ್ದು ಆ ಜಾಹೀರಾತಲ್ಲ, ಗರ್ಭಪಾತದ ಪ್ರಶ್ನೆ.

ಜೂನ್ 24ರಂದು ಸುಪ್ರೀಂ ಕೋರ್ಟ್ ಗರ್ಭಪಾತದ ಸಂವಿಧಾನಿಕ ಹಕ್ಕನ್ನು ತೆಗೆದುಹಾಕಿತು. ಮಿಷಿಗನ್‌ನಲ್ಲಿ 1931ರ ಒಂದು ನಿಷೇಧ ಕಾಯ್ದೆ ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು. ಅದಕ್ಕೆ ಜೀವ ಬರುವುದೆಂಬ ಭಯದಲ್ಲಿ, ರಾಜ್ಯ ಸಂವಿಧಾನಕ್ಕೇ ತಿದ್ದುಪಡಿ ತರಲು 7 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನಾನೂ ಒಂದು ಹಲಗೆ ಹಿಡಿದುಕೊಂಡು ರೈತರ ಸಂತೆಯ ಬಾಗಿಲಲ್ಲಿ ನಿಂತಿದ್ದೆ. ಜೀವನದಲ್ಲಿ ಮೊದಲ ಬಾರಿಗೆ ಅಪರಿಚಿತರನ್ನು ತಡೆದು ಮಾತನಾಡಿಸಿದ್ದು ಆಗ. ಕೊನೆಗೆ ಏನಾಯಿತು ಗೊತ್ತೆ? ಮುದ್ರಿತ ಅರ್ಜಿಯಲ್ಲಿ ಪದಗಳ ನಡುವೆ ಜಾಗ ಸಾಲದು ಎಂಬ ಆಕ್ಷೇಪದ ಮೇಲೆ ಚುನಾವಣಾ ಮಂಡಳಿ ಎರಡಕ್ಕೆ ಎರಡು ಒಡೆದು ಕುಳಿತುಬಿಟ್ಟಿತು. ರಾಜ್ಯದ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆಯೇ ಅದು ಮತಪತ್ರಕ್ಕೆ ಬಂದದ್ದು.

ಶೇ. 57ರ ಹತ್ತಿರ ಜನ ಅದರ ಪರ ಮತ ಹಾಕಿದರು. ಅದೇ ಕಾಗದದಲ್ಲಿ ಗವರ್ನರ್ ಗ್ರೆಚೆನ್ ವಿಟ್ಮರ್, ಸ್ಕೋಲ್ಟನ್, ರಾಜ್ಯ ಶಾಸಕರು ಎಲ್ಲರೂ ಇದ್ದರು. ಸುಮಾರು 40 ವರ್ಷಗಳಲ್ಲಿ ಮೊದಲ ಬಾರಿಗೆ ರಾಜ್ಯದ ಎರಡೂ ಸದನಗಳು ಡೆಮಾಕ್ರಟರ ಕೈಗೆ ಬಂದವು. ಅಂಕಿ ಪ್ರಿಯರು ಹೇಳಿದ ಹಾಗೆ ಪ್ರಶ್ನೆಯೇ ಬದಲಾಗಿತ್ತು. ಪೆಟ್ರೋಲ್ ದರಕ್ಕೆ ಬೈಡನ್ ಅವರನ್ನು ಬೈಯುತ್ತಿದ್ದವರು ಮತಗಟ್ಟೆಯಲ್ಲಿ ಬೈಡನ್ ಅವರನ್ನು ನೆನೆಯಲೇ ಇಲ್ಲ.

ಚಿಕ್ಕೋಡಿ ಕಡೆಯವ

ಮಿಷಿಗನ್ ಎಂದಾಗ ನಮ್ಮವರ ಹೆಸರು ಯಾರೂ ಎತ್ತಲಿಲ್ಲವಲ್ಲ! ಅದೇ 2022ರಲ್ಲಿ ಡೆಟ್ರಾಯಿಟ್‌ನ 13ನೇ ಕ್ಷೇತ್ರದಿಂದ ಗೆದ್ದ ಶ್ರೀ ಥಾಣೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಮನೆಮಾತು ಮರಾಠಿ, ಆದರೆ ನೆಲ ನಮ್ಮದೇ. 2018ರಲ್ಲಿ ಗವರ್ನರ್ ಸ್ಥಾನದ ಟಿಕೆಟ್‌ಗೆ ಪ್ರಯತ್ನಿಸಿ ಮೂರನೆಯವರಾಗಿದ್ದರು. ಛಲ ಬಿಡಲಿಲ್ಲ.

ಮಿಷಿಗನ್‌ನ ಅಕ್ಕ

ತಮ್ಮಾ, ಹೆಮ್ಮೆ ಇರಲಿ, ಆದರೆ ಆ ಗೆಲುವಿನ ಇನ್ನೊಂದು ಮಗ್ಗುಲೂ ಇದೆ. ಡೆಟ್ರಾಯಿಟ್ ಕಪ್ಪು ಜನರು ಬಹುಸಂಖ್ಯಾತರಾಗಿರುವ ನಗರ. 1950ರ ದಶಕದಿಂದ ಅಲ್ಲಿಂದ ಒಬ್ಬ ಕಪ್ಪು ಪ್ರತಿನಿಧಿ ಸಂಸತ್ತಿನಲ್ಲಿ ಇಲ್ಲದ ಅವಧಿಯೇ ಇಲ್ಲ ಎನ್ನುವಂತಿತ್ತು. 2022ರ ಡೆಮಾಕ್ರಟಿಕ್ ಟಿಕೆಟ್‌ಗೆ ಅಲ್ಲಿ ಅನೇಕ ಕಪ್ಪು ನಾಯಕರು ನಿಂತು ಮತ ಹರಿದು ಹಂಚಿಹೋಯಿತು. ತಮ್ಮ ಸ್ವಂತ ಹಣವನ್ನು ಧಾರಾಳವಾಗಿ ಸುರಿದ ಥಾಣೇದಾರ್ ಶೇ. 28ರಷ್ಟು ಮತ ಪಡೆದು ಗೆದ್ದರು. ನವೆಂಬರ್ ಅಲ್ಲಿ ಬರೀ ಶಾಸ್ತ್ರ. ಅಮೆರಿಕದ ಹೆಚ್ಚಿನ ಕ್ಷೇತ್ರಗಳ ನಿಜವಾದ ಚುನಾವಣೆ ಪ್ರಾಥಮಿಕ ಹಂತದಲ್ಲೇ, ಕೆಲವೇ ಜನರ ಮತದಿಂದ ಮುಗಿದುಹೋಗುತ್ತದೆ. ಡೆಟ್ರಾಯಿಟ್‌ನ ನನ್ನ ಸಹೋದ್ಯೋಗಿಯೊಬ್ಬರಿಗೆ ಆ ನೋವು ಇನ್ನೂ ಇದೆ.

ನಿವೃತ್ತ ಮೇಷ್ಟ್ರು

ಕ್ಷೇತ್ರಗಳ ಗಡಿ ಎಳೆಯುವವರು ಯಾರು ಎಂಬುದನ್ನೂ ಯಾರಾದರೂ ಹೇಳಿ. ನಮ್ಮಲ್ಲಿ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಇದೆ. ಅದರ ಮೇಲೂ ಆರೋಪಗಳಿವೆ, ಆದರೆ ಗೆದ್ದ ಶಾಸಕರೇ ಸ್ಕೇಲು ಪೆನ್ಸಿಲು ಹಿಡಿದು ಕೂರುವುದಿಲ್ಲ.

ಅಂಕಿ ಪ್ರಿಯ

ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಶಾಸಕರೇ ಕೂರುತ್ತಾರೆ, ಮೇಷ್ಟ್ರೇ. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಕಂಡಿತಂತೆ. ಅಂದಿನಿಂದ ಈ ಕಲೆಗೆ ‘ಜೆರಿಮ್ಯಾಂಡರಿಂಗ್’ ಎಂದು ಹೆಸರು. ಎದುರಾಳಿಯ ಮತದಾರರನ್ನು ಒಂದೇ ಕ್ಷೇತ್ರದಲ್ಲಿ ತುರುಕುವುದು ಒಂದು ಬಗೆ, ನಾಲ್ಕಾರು ಕ್ಷೇತ್ರಗಳಿಗೆ ಚೂರು ಚೂರಾಗಿ ಹಂಚಿಬಿಡುವುದು ಇನ್ನೊಂದು. ಪಕ್ಷದ ಲಾಭಕ್ಕಾಗಿ ಹೀಗೆ ಮಾಡಿದರೆ ಅದನ್ನು ತೂಗಿ ನೋಡುವುದು ಕೇಂದ್ರದ ನ್ಯಾಯಾಲಯಗಳ ಕೆಲಸವಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ ಕೈತೊಳೆದುಕೊಂಡಿತು.

ಮಿಷಿಗನ್ ಇದಕ್ಕೆ ಹೊರತು. 2016ರಲ್ಲಿ ಒಬ್ಬ ಯುವತಿ ಫೇಸ್‌ಬುಕ್‌ನಲ್ಲಿ ಬರೆದ ಒಂದೆರಡು ಸಾಲು ಚಳವಳಿಯಾಗಿ, 2018ರಲ್ಲಿ ಜನಮತದಿಂದ 13 ಸಾಮಾನ್ಯ ನಾಗರಿಕರ ಆಯೋಗ ಬಂತು: ಎರಡೂ ಪಕ್ಷಗಳಿಂದ ನಾಲ್ಕು ನಾಲ್ಕು, ಯಾವ ಪಕ್ಷಕ್ಕೂ ಸೇರದ ಐವರು. ಅಕ್ಕನವರ ಕ್ಷೇತ್ರ ಡೆಮಾಕ್ರಟರ ಕಡೆ ವಾಲಿದ್ದರಲ್ಲಿ ಆ ಹೊಸ ನಕ್ಷೆಯ ಪಾಲೂ ಇದೆ. ಆದರೆ ಆಯೋಗವೂ ಎಡವದೆ ಇಲ್ಲ. ಡೆಟ್ರಾಯಿಟ್ ಸುತ್ತಲಿನ 13 ರಾಜ್ಯ ಶಾಸಕ ಕ್ಷೇತ್ರಗಳನ್ನು ಜನಾಂಗದ ಆಧಾರದ ಮೇಲೆ ರಚಿಸಲಾಗಿದೆ ಎಂದು 2023ರ ಕೊನೆಯಲ್ಲಿ ನ್ಯಾಯಾಲಯ ರದ್ದುಮಾಡಿತು.

2025ರಲ್ಲಿ ಇದ್ದಬದ್ದ ಸಂಕೋಚವೂ ಹೋಯಿತು. ಜನಗಣತಿಯ ಬಳಿಕ ಹತ್ತು ವರ್ಷಕ್ಕೊಮ್ಮೆ ಎಂಬ ರೂಢಿಯನ್ನು ಮುರಿದು, ಟೆಕ್ಸಸ್ ರಿಪಬ್ಲಿಕನ್ನರು ಐದು ಸ್ಥಾನ ಹೆಚ್ಚಿಸಿಕೊಳ್ಳುವ ನಕ್ಷೆಯನ್ನು ಆಗಸ್ಟ್‌ನಲ್ಲಿ ಅಂಗೀಕರಿಸಿದರು. ಕ್ಯಾಲಿಫೋರ್ನಿಯಾದ ಡೆಮಾಕ್ರಟರು ತಮ್ಮದೇ ಸ್ವತಂತ್ರ ಆಯೋಗದ ನಕ್ಷೆಯನ್ನು ಬದಿಗಿಟ್ಟು, ನವೆಂಬರ್‌ನ ಜನಮತದಲ್ಲಿ ಐದಕ್ಕೆ ಐದು ಲೆಕ್ಕ ಚುಕ್ತಾ ಮಾಡುವ ನಕ್ಷೆ ಗೆಲ್ಲಿಸಿಕೊಂಡರು. ಎತ್ತು ಏರಿಗೆ, ಕೋಣ ನೀರಿಗೆ.

ನನಗೆ ಆಶ್ಚರ್ಯವಾದದ್ದು ಇಂಡಿಯಾನ. 50 ಜನರ ರಾಜ್ಯ ಸೆನೆಟ್‌ನಲ್ಲಿ 40 ರಿಪಬ್ಲಿಕನ್ನರು, ಶ್ವೇತಭವನದಿಂದ ಒತ್ತಡದ ಮೇಲೆ ಒತ್ತಡ. ಆದರೂ ಡಿಸೆಂಬರ್‌ನಲ್ಲಿ ಹೊಸ ನಕ್ಷೆ 31–19ರಿಂದ ಬಿದ್ದುಹೋಯಿತು. 21 ರಿಪಬ್ಲಿಕನ್ನರೇ ವಿರುದ್ಧ ಮತ ಹಾಕಿದರು.

ಹಾಸನದ ಓದುಗ

ಹಾಗಾದರೆ ಟೆಕ್ಸಸ್‌ನ ಐದು ಸ್ಥಾನ ರಿಪಬ್ಲಿಕನ್ನರ ಜೇಬಿಗೆ ಬಿದ್ದ ಹಾಗೆಯೇ?

ಅಂಕಿ ಪ್ರಿಯ

ಹಾಗೆ ಹೇಳಲಾಗದು. ಹೆಚ್ಚು ಕ್ಷೇತ್ರ ಬೇಕೆಂದರೆ ಇರುವ ಬೆಂಬಲಿಗರನ್ನು ತೆಳುವಾಗಿ ಹರಡಬೇಕು. ಒಂದೇ ಲೋಟ ಹಾಲಿಗೆ ನೀರು ಬೆರೆಸಿ ಮೂರು ಲೋಟ ಮಾಡಿದ ಹಾಗೆ. ಆ ನಕ್ಷೆಯ ಕೆಲವು ಕ್ಷೇತ್ರಗಳು 2024ರಲ್ಲಿ ದಕ್ಷಿಣ ಟೆಕ್ಸಸ್‌ನ ಲ್ಯಾಟಿನೋ ಮತದಾರರು ಟ್ರಂಪ್ ಕಡೆ ವಾಲಿದ್ದನ್ನು ನೆಚ್ಚಿಕೊಂಡಿವೆ. ಆ ಮತ ಹಿಂದಕ್ಕೆ ಸರಿದರೆ ಅತಿ ಆಸೆ ಗತಿಗೇಡು ಎಂಬ ಗಾದೆಯನ್ನು ಅವರಿಗೂ ಕಲಿಸಬೇಕಾಗುತ್ತದೆ.

ಇದರ ಜೊತೆಗೆ ಯಾರು ಮತಗಟ್ಟೆಗೆ ಬರುತ್ತಾರೆ ಎಂಬುದೂ ಬದಲಾಗಿದೆ. 2014ರಲ್ಲಿ ಮತ ಹಾಕಿದವರು ಸುಮಾರು ಶೇ. 36, 2018ರಲ್ಲಿ ಸುಮಾರು ಶೇ. 50. ಒಬಾಮಾ ಕಾಲದಲ್ಲಿ ನಡು ಅವಧಿಗೆ ತಪ್ಪದೆ ಬರುತ್ತಿದ್ದವರು ವಯಸ್ಸಾದ, ಸ್ಥಿತಿವಂತ ರಿಪಬ್ಲಿಕನ್ನರು. ಡೆಮಾಕ್ರಟರ ಯುವ ಮತದಾರರು ಅಧ್ಯಕ್ಷ ಚುನಾವಣೆಗೆ ಮಾತ್ರ ಎದ್ದು ಬರುತ್ತಿದ್ದರು. ಈಗ ಪದವೀಧರರು ಡೆಮಾಕ್ರಟರ ಕಡೆ ಸರಿದಿದ್ದಾರೆ, ಅವರು ಎಲ್ಲ ಚುನಾವಣೆಗೂ ಬರುವವರು. ಯಾವಾಗಲೋ ಒಮ್ಮೆ ಮತ ಹಾಕುವವರನ್ನು ಟ್ರಂಪ್ ಅವರು ಹೊರಗೆಳೆದರು, ಆದರೆ ಮತಪತ್ರದಲ್ಲಿ ಅವರ ಹೆಸರೇ ಇಲ್ಲದಿದ್ದರೆ ಅಂಥವರು ಮನೆಯಲ್ಲೇ ಉಳಿಯುವುದು ಹೆಚ್ಚು. 2025ರ ನವೆಂಬರ್‌ನಲ್ಲಿ ವರ್ಜೀನಿಯಾ, ನ್ಯೂಜೆರ್ಸಿ ಗವರ್ನರ್ ಸ್ಥಾನಗಳನ್ನು ಡೆಮಾಕ್ರಟರು 13ಕ್ಕೂ ಹೆಚ್ಚು ಶೇಕಡಾ ಅಂಶಗಳಿಂದ ಗೆದ್ದದ್ದರ ಹಿಂದೆ ಇದೂ ಒಂದು ಕಾರಣ ಎಂದು ನನ್ನ ಅಂದಾಜು. ಹಳೆಯ ನಿಯಮದ ದಿಕ್ಕು ಹಾಗೇ ಉಳಿದರೂ ಅದನ್ನು ನಡೆಸುವ ಎಂಜಿನ್ ಬೇರೆಯಾಗಿದೆ.

ನೇರ ಮಾತು

ಒಂದೇ ಪ್ರಶ್ನೆ, ಅಕ್ಕ. ಆಗಸ್ಟ್‌ನಲ್ಲಿ ಮೈಯರ್ ಅವರಿಗೆ ಮತ ಹಾಕಿದ ರಿಪಬ್ಲಿಕನ್ನರು ನವೆಂಬರ್‌ನಲ್ಲಿ ಏನು ಮಾಡಿದರು? ನನಗೆ ತಿಳಿಯಬೇಕಾದದ್ದು ಅವರ ಕಥೆ.

ಮಿಷಿಗನ್‌ನ ಅಕ್ಕ

ಎಲ್ಲರ ಬಗ್ಗೆ ಹೇಳಲಾರೆ. ನಮ್ಮ ಪಕ್ಕದ ಮನೆಯ ಹಿರಿಯರ ಬಗ್ಗೆ ಹೇಳಬಲ್ಲೆ. ಫೋರ್ಡ್ ಅವರ ಕಾಲದಿಂದ ರಿಪಬ್ಲಿಕನ್. ಅವರ ಅಂಗಳದಲ್ಲಿ ಜುಲೈ ಪೂರ್ತಿ ಮೈಯರ್ ಅವರ ಫಲಕ ಇತ್ತು. ಆಗಸ್ಟ್ 3ರ ಬೆಳಿಗ್ಗೆ ಅದನ್ನು ಕಿತ್ತು ಗ್ಯಾರೇಜಿನೊಳಗೆ ಒರಗಿಸಿಟ್ಟರು. ಗಿಬ್ಸ್ ಕಡೆಯವರು ಬಂದು ಫಲಕ ನೆಡಲು ಕೇಳಿದಾಗ, ಹುಲ್ಲು ಹಾಳಾಗುತ್ತದೆ ಎಂದರಂತೆ. ಅಕ್ಟೋಬರ್‌ನಲ್ಲಿ ನಾನು ಸ್ಕೋಲ್ಟನ್ ಪರ ಕರಪತ್ರ ಹಿಡಿದು ಹೋದಾಗಲೂ ಅದೇ ಉತ್ತರ ಕೊಟ್ಟು, ಸೇಬಿನ ಒಂದು ಚೀಲ ಕೈಗಿತ್ತು ಕಳುಹಿಸಿದರು. ನವೆಂಬರ್ 8ರಂದು ಮತಗಟ್ಟೆಯ ಸಾಲಿನಲ್ಲಿ ನನಗಿಂತ ಇಬ್ಬರ ಮುಂದೆ ನಿಂತಿದ್ದರು. ಯಾರಿಗೆ ಹಾಕಿದರೋ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಫಲಕ ಇವತ್ತಿಗೂ ಗ್ಯಾರೇಜಿನಲ್ಲೇ ಇದೆ.